ಮಗುವಿನ ಉಸಿರು ನೋಡಲು ಒಬ್ಬರನ್ನು ಇಡಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ತೀರ್ಥಹಳ್ಳಿ ತಾಲ್ಲೂಕಿನಿಂದ ನಮಸ್ಕಾರಗಳು.

ನಾನು ನರ್ಸ್. ಹನ್ನೊಂದು ವರ್ಷ ದೊಡ್ಡ ಊರಿನ ಆಸ್ಪತ್ರೆಗಳಲ್ಲಿ, ಅದರಲ್ಲೂ ಹೆಚ್ಚು ಕಾಲ ರಕ್ತನಾಳದಿಂದ ನಳಿಕೆ ತೂರಿಸಿ ಹೃದಯಕ್ಕೆ ಚಿಕಿತ್ಸೆ ಮಾಡುವ ಕೋಣೆಯಾದ ಕ್ಯಾಥ್‌ಲ್ಯಾಬ್‌ನಲ್ಲಿ ಕೆಲಸ ಮಾಡಿದ್ದೇನೆ. ಅತ್ತೆ ಮಾವನಿಗೆ ವಯಸ್ಸಾಯಿತು, ತೋಟ ನೋಡಿಕೊಳ್ಳುವವರು ಇರಲಿಲ್ಲ, ಊರಿಗೆ ಬಂದೆ. ಈಗ ಸುತ್ತಮುತ್ತ ಯಾರ ಮನೆಯ ಮಗುವಿಗೆ ಹಾರ್ಟಿನಲ್ಲಿ ತೂತು ಅಂತ ಗೊತ್ತಾದರೂ ಫೈಲು ಹಿಡಿದುಕೊಂಡು ನಮ್ಮ ಜಗಲಿಗೆ ಬರುತ್ತಾರೆ. ಎಕೋ ಅನ್ನುವ ಹೃದಯದ ಸ್ಕ್ಯಾನಿನ ರಿಪೋರ್ಟು ಮುಂದಿಟ್ಟು ಎರಡೇ ಪ್ರಶ್ನೆ ಕೇಳುತ್ತಾರೆ. ಎಷ್ಟು ಖರ್ಚಾಗುತ್ತೆ? ಎದೆ ಕೊಯ್ಯಬೇಕಾ? ಮಗುವಿಗೆ ಮತ್ತು ಬರಿಸುವ ಔಷಧಿ ಕೊಡುವವರು ಯಾರು, ಕೊಟ್ಟ ಮೇಲೆ ಅದರ ಪಕ್ಕ ಯಾರು ಇರುತ್ತಾರೆ ಅಂತ ಈವರೆಗೆ ಒಬ್ಬರೂ ಕೇಳಿಲ್ಲ. ಕೇಳಬೇಕು ಅಂತ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಅದರ ಬಗ್ಗೆಯೇ ಈ ಪತ್ರ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಹುಟ್ಟುವ ಸಾವಿರ ಮಕ್ಕಳಲ್ಲಿ ಎಂಟರಿಂದ ಹತ್ತು ಮಕ್ಕಳಿಗೆ ಹೃದಯದಲ್ಲಿ ಏನಾದರೊಂದು ದೋಷ ಇರುತ್ತದೆ. ಹಿಂದೆ ಮಲೆನಾಡಿನ ಮೂಲೆಯಲ್ಲಿ ಅದು ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. "ಈ ಮಗು ಯಾಕೋ ಏಳಿಗೆ ಆಗ್ತಿಲ್ಲ" ಅನ್ನುತ್ತಿದ್ದರು, ಅಷ್ಟೇ. 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾದ ಮೇಲೆ ಡಾಕ್ಟರುಗಳ ತಂಡ ಅಂಗನವಾಡಿಗೆ, ಶಾಲೆಗೆ ಬಂದು ಎದೆಗೆ ಸ್ಟೆತಾಸ್ಕೋಪ್ ಇಡುತ್ತದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಕೂಲಿ ಮಾಡುವವರ ಮಗುವಿಗೂ ಹೃದಯದ ತೂತು ಮುಚ್ಚಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಇದು ಸಣ್ಣ ವಿಷಯವಲ್ಲ, ಇದನ್ನು ಮಾಡಿದ ಎಲ್ಲರಿಗೂ ಕೈಮುಗಿಯುತ್ತೇನೆ.

ಈಗ ಎದೆ ಕೊಯ್ಯದೆಯೇ ಎಷ್ಟೋ ಮಕ್ಕಳ ಕೆಲಸ ಮುಗಿಯುತ್ತದೆ. ಪಿಡಿಎ ಅಂತ ಒಂದಿದೆ. ಹೊಟ್ಟೆಯಲ್ಲಿರುವಾಗ ಮಗುವಿಗೆ ಬೇಕಾಗುವ ಒಂದು ಪುಟ್ಟ ರಕ್ತನಾಳ, ಹುಟ್ಟಿದ ಕೆಲವೇ ದಿನಗಳಲ್ಲಿ ತಾನಾಗಿ ಮುಚ್ಚಿಕೊಳ್ಳಬೇಕು. ಕೆಲವರಿಗೆ ಮುಚ್ಚುವುದಿಲ್ಲ. ಆಗ ತೊಡೆಸಂದಿನ ರಕ್ತನಾಳದಿಂದ ತೆಳ್ಳಗಿನ ನಳಿಕೆ ತೂರಿಸಿ, ಹೃದಯದ ತನಕ ಹೋಗಿ, ಒಂದು ಸಣ್ಣ ಡಿವೈಸ್ ಕೂರಿಸಿ ಮುಚ್ಚುತ್ತಾರೆ. ದೊಡ್ಡವರಾದರೆ ತೊಡೆಯ ಹತ್ತಿರ ಮರಗಟ್ಟುವ ಇಂಜೆಕ್ಷನ್ ಕೊಟ್ಟರೆ ಸಾಕು, ಅಲುಗಾಡದೆ ಮಲಗುತ್ತಾರೆ. ಮೂರು ವರ್ಷದ ಮಗು ಮಲಗುತ್ತದಾ? ತಣ್ಣಗಿನ ಕೋಣೆ, ಮೇಲೆ ತಿರುಗುವ ದೊಡ್ಡ ಎಕ್ಸ್‌ರೇ ಮಿಷಿನ್ನು, ಮುಖಕ್ಕೆ ಮಾಸ್ಕ್ ಕಟ್ಟಿದ ಅಪರಿಚಿತರು. ಅಮ್ಮ ಬಾಗಿಲಾಚೆ. ಹಾಗಾಗಿ ನಿದ್ದೆ ಬರಿಸಲೇಬೇಕು. ಮಗು ಒಂದು ಕ್ಷಣ ಕಾಲು ಝಾಡಿಸಿದರೂ ಹೃದಯದ ಒಳಗಿರುವ ತಂತಿ ಬೇರೆಡೆ ಚುಚ್ಚಬಹುದು.

ಈ ನಿದ್ದೆಯನ್ನು ಜನ ಹಗುರವಾಗಿ ತಗೊಳ್ಳುತ್ತಾರೆ. "ಬರೀ ಮಂಪರು ಕೊಡ್ತಾರಂತೆ, ಅನಸ್ತೇಷಿಯಾ ಅಲ್ವಂತೆ" ಅಂತ ಸಮಾಧಾನ ಮಾಡಿಕೊಳ್ಳುತ್ತಾರೆ. ನಮ್ಮ ಕಡೆ ಮಳೆಗಾಲದಲ್ಲಿ ತೋಟಕ್ಕೆ ಇಳಿಯುವ ಕಲ್ಲಿನ ಮೆಟ್ಟಿಲು ಪಾಚಿ ಕಟ್ಟುತ್ತದೆ ನೋಡಿ. ಒಂದು ಮೆಟ್ಟಿಲು ಇಳಿಯೋಣ ಅಂತ ಕಾಲಿಟ್ಟವರು ಮೂರು ಮೆಟ್ಟಿಲು ಜಾರಿರುತ್ತಾರೆ. ಮಕ್ಕಳ ಮಂಪರು ಹಾಗೆಯೇ. ಕರೆದರೆ ಕಣ್ಣು ಬಿಡುವಷ್ಟು ಮಂಪರು ಸಾಕು ಅಂತ ಕೊಟ್ಟ ಔಷಧಿ ಕೆಲವೇ ನಿಮಿಷದಲ್ಲಿ ಗಾಢ ನಿದ್ದೆಗೆ ಇಳಿಸಬಹುದು, ಅಲ್ಲಿಂದ ಉಸಿರು ನಿಲ್ಲುವ ತನಕವೂ ಇಳಿಸಬಹುದು. ಅದಕ್ಕೇ ಜಗತ್ತಿನ ಹಲವು ಕಡೆ ಒಂದು ನಿಯಮ ಹೇಳುತ್ತಾರೆ. ಎಷ್ಟು ಆಳದ ನಿದ್ದೆ ಬೇಕೋ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಜಾರಿದ ಮಗುವನ್ನೂ ಎತ್ತಿ ತರುವ ಕೈ ಅಲ್ಲಿರಬೇಕು.

ಮಕ್ಕಳು ದೊಡ್ಡವರ ಸಣ್ಣ ನಮೂನೆ ಅಲ್ಲ. ಮಗುವಿನ ನಾಲಿಗೆ ಬಾಯಿಗೆ ಹೋಲಿಸಿದರೆ ದೊಡ್ಡದು, ಉಸಿರಿನ ದಾರಿ ಸಣ್ಣದು. ಕೆಜಿ ಲೆಕ್ಕದಲ್ಲಿ ಮಗು ದೊಡ್ಡವರಿಗಿಂತ ಸುಮಾರು ಎರಡು ಪಟ್ಟು ಆಮ್ಲಜನಕ ಬಳಸುತ್ತದೆ, ಕೂಡಿಟ್ಟುಕೊಳ್ಳುವುದು ಮಾತ್ರ ಕಡಿಮೆ. ಉಸಿರು ನಿಂತರೆ ದೊಡ್ಡವರಿಗೆ ಸಿಗುವಷ್ಟು ಸಮಯ ಮಗುವಿಗೆ ಸಿಗುವುದಿಲ್ಲ. ಅದರ ಮೇಲೆ ಇವು ಹೃದಯದ ಮಕ್ಕಳು. ಶ್ವಾಸಕೋಶದ ರಕ್ತದೊತ್ತಡ ಜಾಸ್ತಿ ಇರುವ ಮಗುವಿಗೆ ಉಸಿರು ಸ್ವಲ್ಪ ನಿಧಾನವಾದರೂ ಆ ಒತ್ತಡ ಇನ್ನೂ ಏರುತ್ತದೆ. ಆಮ್ಲಜನಕ ಸಾಲದೆ ನೀಲಿಗಟ್ಟುವ ಮಗುವಿಗೆ ಪ್ರೊಪೋಫಾಲ್ ಅನ್ನುವ ಮತ್ತಿನ ಔಷಧಿ ಕೊಟ್ಟು ಬಿಪಿ ಇಳಿದರೆ ಆಮ್ಲಜನಕ ಕಡಿಮೆ ಇರುವ ಕೆಟ್ಟ ರಕ್ತ ಇನ್ನೂ ಜಾಸ್ತಿ ಮೈಗೆ ಹರಿಯುತ್ತದೆ. ಅದೇ ಮಗುವಿಗೆ ಕೆಟಮಿನ್ ಅನ್ನುವ ಇನ್ನೊಂದು ಔಷಧಿ ಒಗ್ಗಬಹುದು. ಡೆಕ್ಸ್‌ಮೆಡಿಟೊಮಿಡಿನ್ ಅನ್ನುವುದು ಉಸಿರಿಗೆ ಅಷ್ಟು ತೊಂದರೆ ಕೊಡುವುದಿಲ್ಲ, ಆದರೆ ಹೃದಯದ ಬಡಿತ ನಿಧಾನ ಮಾಡುತ್ತದೆ. ಯಾವ ಮಗುವಿಗೆ ಯಾವುದು ಅನ್ನುವುದು ಒಂದು ವಿದ್ಯೆ. ನಳಿಕೆ ಹಿಡಿದ ಡಾಕ್ಟರು ತೆರೆ ನೋಡುತ್ತಲೇ ಪಕ್ಕಕ್ಕೆ ತಿರುಗಿ "ಇನ್ನೊಂದು ಸ್ವಲ್ಪ ಕೊಡಿ ಸಿಸ್ಟರ್" ಅಂದು ಮುಗಿಸುವ ಕೆಲಸವಲ್ಲ.

ಆ ಸಿಸ್ಟರ್ ನಾನೇ ಆಗಿದ್ದೆ. ಅದಕ್ಕೇ ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ.

ಆವತ್ತು ಸಂಜೆಯ ಕೊನೆಯ ಕೇಸು. ನಾಲ್ಕು ವರ್ಷದ ಹುಡುಗ. ಅರಿವಳಿಕೆ ಡಾಕ್ಟರನ್ನು ಪಕ್ಕದ ಥಿಯೇಟರಿನ ತುರ್ತು ಕೇಸಿಗೆ ಕರೆದರು. "ಹುಡುಗ ಮಲಗಿದ್ದಾನೆ, ಹತ್ತು ನಿಮಿಷ, ಬಂದೆ" ಅಂದು ಹೋದರು. ತಂತಿ, ನಳಿಕೆ, ಸಿರಿಂಜು ಕೈಗೆ ಕೊಡುವುದು ನನ್ನ ಕೆಲಸ. ಹುಡುಗನನ್ನು ನೋಡಿಕೊಳ್ಳುವುದೂ ನನ್ನ ಕೆಲಸವಾಯಿತು. ಕ್ಯಾಥ್‌ಲ್ಯಾಬ್‌ನಲ್ಲಿ ತೆರೆ ಕಾಣಲಿ ಅಂತ ದೀಪ ಮಂದ ಮಾಡಿರುತ್ತಾರೆ. ಮಗುವಿನ ಕೈ ಎರಡೂ ತಲೆಯ ಮೇಲೆ. ಮೈಮೇಲೆ ಹಸಿರು ಬಟ್ಟೆ, ಮುಖದ ಪಕ್ಕ ಎಕ್ಸ್‌ರೇ ಮಿಷಿನ್ನಿನ ದೊಡ್ಡ ತಲೆ. ಎದೆ ಏಳುತ್ತಾ ಇಳಿಯುತ್ತಾ ಅಂತ ನೋಡಬೇಕಾದರೆ ಬಗ್ಗಿ ಬಟ್ಟೆ ಎತ್ತಬೇಕು. ಬೆರಳಿಗೆ ಹಾಕುವ ಆಕ್ಸಿಮೀಟರಿನ ಬೀಪ್ ಇದೆಯಲ್ಲ, ಆಮ್ಲಜನಕ ಇಳಿದ ಹಾಗೆ ಅದರ ಸ್ವರವೂ ಇಳಿಯುತ್ತದೆ. ಅಭ್ಯಾಸವಾದ ಕಿವಿಗೆ ಅದೇ ಸಾಕು. ಆವತ್ತು ಯಾರೋ ಅದರ ಸದ್ದು ತಗ್ಗಿಸಿದ್ದರು.

ನಾನು ಒಂದು ನಳಿಕೆ ತೊಳೆದು ಕೊಟ್ಟು ತಿರುಗಿದಾಗ ಆಮ್ಲಜನಕ 78 ಅಂತ ಕಂಡಿತು. ಬಟ್ಟೆ ಸರಿಸಿದೆ. ಗದ್ದ ಎದೆಗೆ ತಾಗಿತ್ತು, ತುಟಿ ನೇರಳೆ ಬಣ್ಣ. ಗದ್ದ ಎತ್ತಿ ಹಿಡಿದೆ. ಅಷ್ಟೇ ಮಾಡಿದ್ದು ನಾನು. ಗೊರ್ ಅಂತ ಒಂದು ಸದ್ದು ಬಂತು, ಉಸಿರು ಬಂತು, ನಂಬರು ನಿಧಾನವಾಗಿ ಏರಿತು. ಹುಡುಗ ಚೆನ್ನಾಗಿದ್ದಾನೆ, ಮಾರನೇ ದಿನ ವಾರ್ಡಿನಲ್ಲಿ ನನ್ನ ಪೆನ್ನು ಕಸಿದುಕೊಂಡು ಗೋಡೆ ಮೇಲೆ ಗೀಚಿದ. ಅವನ ಅಪ್ಪ ನನಗೆ ಚಕ್ಕುಲಿ ತಂದುಕೊಟ್ಟರು. ಆ ಚಕ್ಕುಲಿ ಗಂಟಲಲ್ಲಿ ಇಳಿಯಲಿಲ್ಲ. ಇನ್ನೊಂದು ನಿಮಿಷ ನಾನು ತಿರುಗಿ ನೋಡದೇ ಇದ್ದಿದ್ದರೆ? ಗದ್ದ ಎತ್ತುವುದಕ್ಕೆ ದೊಡ್ಡ ವಿದ್ಯೆ ಬೇಡ. ಎತ್ತಬೇಕಾದ ಹೊತ್ತಿಗೆ ಅಲ್ಲಿ ಖಾಲಿ ಇರುವ ಎರಡು ಕೈ ಬೇಕು.

ಇದು ಯಾರೂ ಯೋಚಿಸದ ಹೊಸ ಮಾತಲ್ಲ. ದಂತ ಚಿಕಿತ್ಸೆಯ ಕುರ್ಚಿಯಲ್ಲಿ ಮಂಪರು ಕೊಟ್ಟ ಮಕ್ಕಳು ತೀರಿಕೊಂಡ ಮೇಲೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1985ರಲ್ಲಿ ಮಕ್ಕಳ ಮಂಪರಿಗೆ ನಿಯಮ ಬರೆಯಿತು. ಮತ್ತೆ ಮತ್ತೆ ತಿದ್ದಿ 2019ರಲ್ಲೂ ಹೊಸದಾಗಿ ಪ್ರಕಟಿಸಿತು. ಗಾಢ ನಿದ್ದೆ ಕೊಟ್ಟಿರುವಾಗ ಮಗುವನ್ನು ನೋಡುವುದಕ್ಕೆಂದೇ ಒಬ್ಬರು ಇರಬೇಕು, ಅವರಿಗೆ ಬೇರೆ ಕೆಲಸ ಹೇಳಬಾರದು ಅಂತ ಅದರಲ್ಲಿದೆ. ನಿಮ್ಮಲ್ಲಿ ನನ್ನ ಮೊದಲ ಕೋರಿಕೆಯೂ ಅದೇ. ಸರ್ಕಾರದ ಯೋಜನೆಯಲ್ಲಿ ಮಗುವಿನ ಹೃದಯದ ಚಿಕಿತ್ಸೆಗೆ ಹಣ ಕೊಡುವಾಗ ಕೇಸ್ ಶೀಟಿನಲ್ಲಿ ಒಂದು ಸಾಲು ಕಡ್ಡಾಯ ಮಾಡಿ. ಶುರುವಿನಿಂದ ಕೊನೆಯವರೆಗೆ ಮಗುವಿನ ಉಸಿರು ನೋಡಿದವರ ಹೆಸರು, ಸಹಿ. ಆ ಸಹಿ ಮಾಡಿದವರು ಆ ಹೊತ್ತಿನಲ್ಲಿ ನಳಿಕೆ ತೊಳೆಯುತ್ತಿರಬಾರದು. ಅದಕ್ಕೆ ಬೇಕಾದ ಅರಿವಳಿಕೆ ಡಾಕ್ಟರ ಶುಲ್ಕವನ್ನು ಪ್ಯಾಕೇಜಿನೊಳಗೆ ಎಲ್ಲೋ ಹುದುಗಿಸಬೇಡಿ, ಬೇರೆ ಸಾಲಾಗಿ ಕೊಡಿ. ಆಗ ಅದನ್ನು ಉಳಿಸುವ ಆಸೆ ಯಾರಿಗೂ ಬರುವುದಿಲ್ಲ.

ಅದರ ಜೊತೆಗೆ ಬೇಕಾದ್ದು ಕ್ಯಾಪ್ನೋಗ್ರಾಫ್. ಹೆಸರು ಕಷ್ಟ, ವಸ್ತು ಸುಲಭ. ಮೂಗಿನ ಹತ್ತಿರ ಒಂದು ಸಣ್ಣ ನಳಿಕೆ ಇಡುತ್ತಾರೆ. ಮಗು ಹೊರಬಿಡುವ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಅಳೆದು ಪ್ರತಿ ಉಸಿರಿಗೂ ತೆರೆಯ ಮೇಲೆ ಒಂದು ಅಲೆ ಬರೆಯುತ್ತದೆ. ಉಸಿರು ನಿಂತರೆ ಅಲೆ ಆ ಕ್ಷಣವೇ ನಿಲ್ಲುತ್ತದೆ. ಆಕ್ಸಿಮೀಟರು ಹಾಗಲ್ಲ. ಅದು ರಕ್ತದಲ್ಲಿ ಆಮ್ಲಜನಕ ಇಳಿದ ಮೇಲೆ ಹೇಳುತ್ತದೆ. ಮೂಗಿಗೆ ಆಮ್ಲಜನಕ ಹಾಕಿದ್ದರಂತೂ ಇನ್ನೂ ತಡ. ಆವತ್ತು ಆ ಹುಡುಗನ ಮೂಗಿನ ಹತ್ತಿರ ಆ ನಳಿಕೆ ಇದ್ದಿದ್ದರೆ, 78 ಕಾಣುವುದಕ್ಕೆ ಎಷ್ಟೋ ಮೊದಲೇ ನಮಗೆ ಗೊತ್ತಾಗುತ್ತಿತ್ತು. ಮಕ್ಕಳಿಗೆ ಮತ್ತು ಕೊಡುವ ಯಾವ ಕೋಣೆಯಲ್ಲೂ, ಎಕೋ ಕೋಣೆ ಸೇರಿ, ಈ ಅಲೆ ಕಾಣಬೇಕು. ಜೊತೆಗೆ ಕಫ ಎಳೆಯುವ ಸಕ್ಷನ್ನು, ಮಗುವಿನ ಅಳತೆಯ ಮಾಸ್ಕು, ಉಸಿರಿನ ಬ್ಯಾಗು. ದೊಡ್ಡವರ ಮಾಸ್ಕು ಮಗುವಿನ ಮುಖದ ಮೇಲೆ ಕೂರುವುದಿಲ್ಲ.

ಈಗ ಹೊಟ್ಟೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಮಲೆನಾಡಿನವರಿಗೆ ಇದೇ ದೊಡ್ಡ ಗೋಳು.

ಮತ್ತು ಕೊಡುವ ಮೊದಲು ಹೊಟ್ಟೆ ಖಾಲಿ ಇರಬೇಕು. ಇಲ್ಲದಿದ್ದರೆ ತಿಂದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಇದು ಎಲ್ಲರಿಗೂ ಗೊತ್ತು. ಎಷ್ಟು ಹೊತ್ತು ಖಾಲಿ ಅನ್ನುವುದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಸಾಮಾನ್ಯ ಲೆಕ್ಕ ಹೀಗಿದೆ. ಊಟ, ತಿಂಡಿ, ದನದ ಹಾಲು 6 ಗಂಟೆ ಮೊದಲು ನಿಲ್ಲಿಸಬೇಕು, ಎಣ್ಣೆಯಲ್ಲಿ ಕರಿದದ್ದಾದರೆ 8 ಗಂಟೆ. ತಾಯಿ ಹಾಲು 4 ಗಂಟೆ. ಬರೀ ನೀರು, ಸಕ್ಕರೆ ನೀರು 2 ಗಂಟೆ ಮೊದಲಿನ ತನಕ ಕೊಡಬಹುದು. 2022ರಲ್ಲಿ ಯುರೋಪಿನ ಅರಿವಳಿಕೆ ವೈದ್ಯರ ಸಂಘ ಮಕ್ಕಳಿಗೆ ನೀರನ್ನು 1 ಗಂಟೆ ಮೊದಲಿನ ತನಕವೂ ಕೊಡಿ ಅಂದಿದೆ. ಸುಮ್ನೆ ಬಾಯಾರಿಸಿ ಮಲಗಿಸುವುದರಿಂದ ಮಗುವಿಗೆ ಕೆಟ್ಟದೇ ಆಗುತ್ತದೆ ಅಂತ ಅವರು ಕಂಡುಕೊಂಡಿದ್ದಾರೆ. ನಿಮ್ಮ ಮಗುವಿಗೆ ಎಷ್ಟು ಅನ್ನುವುದನ್ನು ಡಾಕ್ಟರೇ ಹೇಳಬೇಕು. ಆದರೆ ಅವರು ಏನು ಹೇಳುತ್ತಾರೆ? ಹೆಚ್ಚಿನ ಕಡೆ "ರಾತ್ರಿ ಹನ್ನೆರಡರ ಮೇಲೆ ಏನೂ ಕೊಡಬೇಡಿ" ಅನ್ನುತ್ತಾರೆ. ಹೇಳುವುದಕ್ಕೆ ಸುಲಭ ಅಲ್ವಾ.

ಹೊಸನಗರದ ಕಡೆಯ ಒಂದು ಹುಡುಗಿ ನನಗೆ ನೆನಪಿದ್ದಾಳೆ. ಐದು ವರ್ಷ, ನೀಲಿ ಮಗು. ಡಾಕ್ಟರುಗಳು ಟೆಟ್ರಾಲಜಿ ಅನ್ನುವ ಹುಟ್ಟಿನಿಂದಲೇ ಬರುವ ಹೃದಯದ ತೊಂದರೆ. ಓಡಿದರೆ ಸುಸ್ತಾಗಿ ಕುಕ್ಕರಗಾಲಲ್ಲಿ ಕೂರುವ ಮಕ್ಕಳು ಇವು. ಆಪರೇಷನ್ನಿಗೆ ಮೊದಲು ನಳಿಕೆ ತೂರಿಸಿ ನೋಡುವ ಕ್ಯಾಥ್ ಪರೀಕ್ಷೆ ಮಾಡಬೇಕಿತ್ತು. ಅಪ್ಪ ಅಮ್ಮ ರಾತ್ರಿ ಬಸ್ಸಿನಲ್ಲಿ ಬಂದಿದ್ದರು. ಬಸ್ಸು ಹತ್ತುವ ಮೊದಲು ಎಂಟು ಗಂಟೆಗೆ ಮಗು ಗಂಜಿ ಉಂಡಿದ್ದು. ಆಮೇಲೆ ಏನೂ ಕೊಟ್ಟಿಲ್ಲ, ನೀರೂ ಕೊಟ್ಟಿಲ್ಲ, ಹೇಳಿದ್ದನ್ನು ಅಕ್ಷರಶಃ ಪಾಲಿಸಿದ್ದಾರೆ. ಮೊದಲಿಗೆ ಅವಳ ಹೆಸರಿತ್ತು. ತುರ್ತು ಕೇಸು ಬಂತು, ಹಿಂದೆ ಹೋಯಿತು. ಇನ್ನೊಂದು ಬಂತು, ಇನ್ನೂ ಹಿಂದೆ. ಮಧ್ಯಾಹ್ನ ಎರಡಾದರೂ ಕರೆದಿಲ್ಲ. ಹದಿನೆಂಟು ಗಂಟೆ. ನಾನು ಕಾರಿಡಾರಿನಲ್ಲಿ ಹೋಗುವಾಗ ಅಮ್ಮನ ಸೆರಗು ಬಾಯಲ್ಲಿ ಹಿಡಿದು ಚೀಪುತ್ತಿದ್ದಳು. ಸೆರಗು ಮಳೆಗೆ ನೆಂದಿತ್ತು, ಆ ಒದ್ದೆ ಚೀಪುತ್ತಿದ್ದಳು.

ನೀಲಿ ಮಕ್ಕಳ ರಕ್ತ ಮೊದಲೇ ಗಟ್ಟಿ. ನೀರು ಕಡಿಮೆಯಾದರೆ ಇನ್ನೂ ಮಂದವಾಗಿ ಹೆಪ್ಪುಗಟ್ಟುವ ಭಯ, ಮೆದುಳಿಗೆ ಹೊಡೆತ ಬೀಳುವ ಭಯ. ಅತ್ತು ಅತ್ತು ಬಾಯಾರಿದ ಆ ಮಗು ಕೈಗೆ ಸೂಜಿ ಹಾಕುವಾಗ ಪೂರ್ತಿ ಕಪ್ಪಿಟ್ಟಿತು. ಮಂಡಿ ಎರಡನ್ನೂ ಎದೆಗೆ ಒತ್ತಿ ಹಿಡಿದು, ಆಮ್ಲಜನಕ ಕೊಟ್ಟು, ಡ್ರಿಪ್ಪಿನಲ್ಲಿ ನೀರು ಬಿಟ್ಟು, ಅರ್ಧ ಗಂಟೆಗೆ ಸುಧಾರಿಸಿದಳು. ಅವತ್ತಿನ ಪರೀಕ್ಷೆ ರದ್ದಾಯಿತು. ಅವಳಿಗೆ ಬೆಳಿಗ್ಗೆ ಏಳಕ್ಕೆ ಒಂದು ಲೋಟ ಸಕ್ಕರೆ ನೀರು ಕೊಟ್ಟಿದ್ದರೆ, ಲಿಸ್ಟು ಹಿಂದೆ ಹೋದಾಗ ಯಾರಾದರೂ ಬಂದು "ಇನ್ನೊಂದು ಲೋಟ ಕುಡಿಸಮ್ಮ" ಅಂದಿದ್ದರೆ ಇದಾವುದೂ ಆಗಬೇಕಿರಲಿಲ್ಲ. ಒಂದು ಲೋಟ ಸಕ್ಕರೆ ನೀರು ಸಾರ್. ಅದಕ್ಕೆ ಬಜೆಟ್ ಬೇಡ.

ಹಾಗಾಗಿ ಎರಡನೇ ಕೋರಿಕೆ. ಹೃದಯದ ಕ್ಯಾಥ್ ಮಾಡುವ ಪ್ರತಿ ಮಗುವಿನ ಮನೆಯವರ ಕೈಗೆ ಕನ್ನಡದಲ್ಲಿ ಒಂದು ಚೀಟಿ ಕೊಡಿಸಿ. "6 ಗಂಟೆ ಮೊದಲು" ಅಂತ ಬರೆದರೆ ಸಾಲದು, ಹಳ್ಳಿಯವರು ಯಾವುದಕ್ಕಿಂತ ಮೊದಲು ಅಂತ ಲೆಕ್ಕ ಹಾಕಬೇಕು? ಗಡಿಯಾರದ ಗಂಟೆ ಬರೆಯಿರಿ. ಹಾಲು ರಾತ್ರಿ ಇಷ್ಟಕ್ಕೆ ಕೊನೆ, ನೀರು ಬೆಳಿಗ್ಗೆ ಇಷ್ಟಕ್ಕೆ ಕೊನೆ. ನಮ್ಮ ಕಡೆ ಕಷಾಯ ಕುಡಿಯುತ್ತಾರೆ. ಜೀರಿಗೆ, ಕೊತ್ತಂಬರಿ ಕುದಿಸಿ, ಬೆಲ್ಲ ಹಾಕಿ, ಹಾಲು ಬೆರೆಸಿದ್ದು. "ನೀರು ಕೊಡಬಹುದು ಅಂದ್ರಲ್ಲ, ಕಷಾಯ ಕೊಟ್ಟೆ" ಅಂದ ಅಜ್ಜಿಯನ್ನು ನೋಡಿದ್ದೇನೆ. ಹಾಲು ಬೆರೆಸಿದ ಕಷಾಯ ಹಾಲಿನ ಲೆಕ್ಕಕ್ಕೆ ಹೋಗುತ್ತದೆ. ಮಜ್ಜಿಗೆಯೂ ನೀರಲ್ಲ. ಅಳುವ ಮಗುವಿಗೆ ಬಸ್ಸಿನಲ್ಲಿ ಕೊಡುವ ಒಂದು ಬಿಸ್ಕತ್ತೂ ಊಟವೇ. ಇವನ್ನೆಲ್ಲ ಹೆಸರು ಹಿಡಿದು ಚೀಟಿಯಲ್ಲಿ ಬರೆಯಬೇಕು. ಚಿಕ್ಕ ಮಕ್ಕಳನ್ನು ಲಿಸ್ಟಿನಲ್ಲಿ ಮೊದಲು ಹಾಕಬೇಕು, ನೀಲಿ ಮಕ್ಕಳನ್ನು ಎಲ್ಲರಿಗಿಂತ ಮೊದಲು.

ಮೂರನೆಯದನ್ನು ಬರೆಯಲು ನನಗೇ ಕಷ್ಟ. ಇದು ನನ್ನ ತಂಗಿಯ ಮಗಳ ವಿಷಯ.

ಪುಟ್ಟಿಗೆ ಆಗ ಮೂರು ವರ್ಷ, ಪಿಡಿಎ. ಜುಲೈನಲ್ಲಿ ದಿನಾಂಕ ಸಿಕ್ಕಿತು. ಪುನರ್ವಸು ಮಳೆ ಹಿಡಿದಿತ್ತು, ಕರೆಂಟಿಲ್ಲ, ಬಟ್ಟೆ ಒಣಗುವುದಿಲ್ಲ, ಮನೆಯಲ್ಲಿ ಎಲ್ಲರಿಗೂ ನೆಗಡಿ. ತಂಗಿಯ ಗಂಡ ಮೂರು ದಿನ ರಜೆ ಹಾಕಿದ್ದ. ಹಸು ನೋಡಿಕೊಳ್ಳಲು ಪಕ್ಕದ ಮನೆಯವರಿಗೆ ಹೇಳಿ, ಕೈಸಾಲ ಮಾಡಿ, ಶಿವಮೊಗ್ಗದಿಂದ ರಾತ್ರಿ ರೈಲು ಹತ್ತಿದೆವು. ನಾನೂ ಜೊತೆಗೆ ಹೋಗಿದ್ದೆ. ನಡುರಾತ್ರಿ ಎಚ್ಚರವಾದಾಗ ತಂಗಿ ಮಗುವಿನ ಬಾಯಿಗೆ ಚಮಚದಲ್ಲಿ ಏನೋ ಹಾಕುತ್ತಿದ್ದಳು. ದೊಡ್ಡಪತ್ರೆ ರಸ, ಜೇನುತುಪ್ಪ. ನನ್ನ ಮುಖ ನೋಡಿ ಕೈ ಹಿಡಿದುಕೊಂಡಳು. "ಅಕ್ಕಾ, ಕೆಮ್ಮಿದೆ ಅಂತ ಅಲ್ಲಿ ಹೇಳ್ಬೇಡ ಮಾರಾಯ್ತಿ. ವಾಪಸ್ ಕಳಿಸಿಬಿಡ್ತಾರೆ. ಇನ್ನೊಂದ್ಸಲ ಬರೋಕೆ ನಮ್ಮ ಕೈಲಾಗಲ್ಲ."

ನೆಗಡಿ, ಕೆಮ್ಮು ಇರುವ ಮಗುವಿಗೆ ಮತ್ತು ಕೊಟ್ಟರೆ ಏನಾಗಬಹುದು ಅಂತ ಗೊತ್ತಿದ್ದವಳು ನಾನು. ಗಂಟಲಲ್ಲಿ ಧ್ವನಿಪೆಟ್ಟಿಗೆ ಗಕ್ಕನೆ ಬಿಗಿದುಕೊಳ್ಳುತ್ತದೆ, ಗಾಳಿ ಒಳಗೆ ಹೋಗುವುದಿಲ್ಲ. ನೆಗಡಿ ವಾಸಿಯಾದ ಮೇಲೂ ಎರಡು ವಾರ, ಕೆಲವು ಮಕ್ಕಳಲ್ಲಿ ಆರು ವಾರದ ತನಕ ಆ ಭಯ ಇರುತ್ತದೆ. ಬೆಳಿಗ್ಗೆ ಅರಿವಳಿಕೆ ಡಾಕ್ಟರು "ಶೀತ, ಕೆಮ್ಮು ಏನಾದರೂ?" ಅಂತ ಕೇಳಿದಾಗ ತಂಗಿ "ಇಲ್ಲ" ಅಂದಳು. ನಾನು "ಇದೆ ಡಾಕ್ಟ್ರೇ" ಅಂದೆ. ಅವರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, ಪುಟ್ಟಿಯ ಕೆನ್ನೆ ತಟ್ಟಿ, ಒಂದು ತಿಂಗಳು ಬಿಟ್ಟು ಬನ್ನಿ ಅಂದರು. ಅವರು ಮಾಡಿದ್ದು ಸರಿ. ನಾನು ಮಾಡಿದ್ದೂ ಸರಿ. ವಾಪಸ್ ಬರುವಾಗ ರೈಲಿನಲ್ಲಿ ತಂಗಿ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ಅರಸೀಕೆರೆ ಬಂತು, ಭದ್ರಾವತಿ ಬಂತು, ನನ್ನ ಹತ್ತಿರ ಒಂದು ಮಾತಾಡಲಿಲ್ಲ. ಪುಟ್ಟಿ ಮಾತ್ರ ನನ್ನ ತೊಡೆ ಮೇಲೆ ಕೂತು "ದೊಡ್ಡಮ್ಮ, ಮನೆಗೆ ಹೋಗೋದಾ?" ಅಂತ ಖುಷಿಯಾಗಿದ್ದಳು.

ತಂಗಿ ಸುಳ್ಳುಗಾತಿ ಅಲ್ಲ. ಮುನ್ನೂರು ಕಿಲೋಮೀಟರ್ ದೂರ ಅವಳ ಬಾಯಲ್ಲಿ ಸುಳ್ಳು ಹೇಳಿಸಿತು. ಹೀಗೆ ಎಷ್ಟು ಅಮ್ಮಂದಿರು ಕೆಮ್ಮು ಮುಚ್ಚಿಡುತ್ತಾರೋ, ಬಸ್ಸಿನಲ್ಲಿ ಕೊಟ್ಟ ಬಿಸ್ಕತ್ತು ಮುಚ್ಚಿಡುತ್ತಾರೋ. ಅವರ ಜೊತೆ ಎಲ್ಲರ ಹತ್ತಿರ ಬಾಯಿಬಿಡುವ ನರ್ಸ್ ಅಕ್ಕ ಇರುವುದಿಲ್ಲ.

ಇದಕ್ಕೆ ದಾರಿ ನಮ್ಮ ಜಿಲ್ಲೆಯಲ್ಲೇ ಇದೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಈಗ ಮೆಡಿಕಲ್ ಕಾಲೇಜಿನ ಆಸ್ಪತ್ರೆ. ಅಲ್ಲಿ ಮಕ್ಕಳ ವಿಭಾಗ ಇದೆ, ಅರಿವಳಿಕೆ ವಿಭಾಗ ಇದೆ. ಬೆಂಗಳೂರಿಗೋ ಮಣಿಪಾಲಕ್ಕೋ ಹೊರಡುವ ಎರಡು ದಿನ ಮೊದಲು ಮಗುವನ್ನು ಅಲ್ಲಿ ಒಮ್ಮೆ ನೋಡಿಸಿ. ಕೆಮ್ಮಿದೆಯಾ, ಜ್ವರ ಇದೆಯಾ, ಸರಿಯಾದ ತೂಕ ಎಷ್ಟು, ಹಲ್ಲು ಅಲುಗಾಡುತ್ತಿದೆಯಾ, ರಾತ್ರಿ ಗೊರಕೆ ಹೊಡೆಯುತ್ತಾ, ಯಾವ ಔಷಧಿ ನಡೆಯುತ್ತಿದೆ. ಇಷ್ಟು ಬರೆದು ದೊಡ್ಡ ಆಸ್ಪತ್ರೆಯ ಅರಿವಳಿಕೆ ಡಾಕ್ಟರಿಗೆ ವಿಡಿಯೋ ಕರೆಯಲ್ಲಿ ತೋರಿಸಿದರೆ ಬರಬೇಕೋ ಬೇಡವೋ ಅಲ್ಲೇ ತೀರ್ಮಾನವಾಗುತ್ತದೆ. ಇದೇನು ಆಗದ ಮಾತಲ್ಲ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಎದೆನೋವು ಅಂತ ಬಂದವರ ಇಸಿಜಿ ತಾಲ್ಲೂಕು ಆಸ್ಪತ್ರೆಯಿಂದ ದೊಡ್ಡ ಹೃದ್ರೋಗ ಕೇಂದ್ರಕ್ಕೆ ಕೆಲವೇ ನಿಮಿಷದಲ್ಲಿ ಹೋಗುತ್ತದೆ, ಅಲ್ಲಿಂದ ಸಲಹೆ ಬರುತ್ತದೆ. ದೊಡ್ಡವರ ಹೃದಯಕ್ಕೆ ಹಾಕಿದ ಆ ದಾರಿಯಲ್ಲಿ ಮಕ್ಕಳನ್ನೂ ಕರೆದುಕೊಂಡು ಹೋಗಿ.

ಶೀತವಾಗಿ ದಿನಾಂಕ ಮುಂದೆ ಹೋದ ಮಗುವನ್ನು ಸಾಲಿನ ಕೊನೆಗೆ ತಳ್ಳಬೇಡಿ. ವಾಸಿಯಾದ ಕೂಡಲೇ ಇನ್ನೊಂದು ದಿನಾಂಕ ಗ್ಯಾರಂಟಿ ಸಿಗುತ್ತದೆ, ಎರಡನೇ ಸಲದ ಓಡಾಟದ ಖರ್ಚನ್ನು ಯೋಜನೆಯೇ ಕೊಡುತ್ತದೆ ಅಂತ ಗೊತ್ತಾದರೆ ಯಾವ ಅಮ್ಮನೂ ಸುಳ್ಳು ಹೇಳುವುದಿಲ್ಲ. ಆತುರವಿಲ್ಲದ ಮಲೆನಾಡಿನ ಮಕ್ಕಳಿಗೆ ಜೂನ್, ಜುಲೈ, ಆಗಸ್ಟ್ ಬಿಟ್ಟು ದಿನಾಂಕ ಕೊಡಿ. ಆಗುಂಬೆ ಘಾಟಿಯ ಮಳೆ ಬೆಂಗಳೂರಿನಲ್ಲಿ ಕೂತು ದಿನಾಂಕ ಬರೆಯುವವರಿಗೆ ಕಾಣುವುದಿಲ್ಲ, ನಮಗೆ ಕಾಣುತ್ತದೆ. ದೊಡ್ಡ ತೂತಿರುವ ಕೆಲವು ಮಕ್ಕಳಿಗೆ ಹೃದಯದ ಕಾರಣಕ್ಕೇ ಪದೇ ಪದೇ ಕಫ ಕಟ್ಟುತ್ತದೆ, ಅದೂ ನಿಜ. ಅಂಥ ಮಕ್ಕಳಿಗೆ ಕಾಯುವುದೇ ತಪ್ಪಾಗಬಹುದು. ಅದನ್ನು ತೂಗಿ ನೋಡುವುದು ಡಾಕ್ಟರ ಕೆಲಸ. ತೂಗುವುದಕ್ಕೂ ಅವರ ಮುಂದೆ ನಿಜ ಇರಬೇಕು.

ಕೊನೆಗೆ ಎಚ್ಚರವಾದ ಮೇಲಿನ ಮಾತು. ಎಕೋ ಮಾಡುವಾಗ ಮಗು ಅಳಬಾರದು ಅಂತ ಸಿರಪ್ಪು ಕುಡಿಸುತ್ತಾರೆ, ಟ್ರೈಕ್ಲೋಫಾಸ್ ಅಂತ. ಅದರ ಮಂಪರು ಎಕೋ ಮುಗಿದ ಕೂಡಲೇ ಇಳಿಯುವುದಿಲ್ಲ, ಎಳೆಯ ಮಕ್ಕಳಲ್ಲಿ ಗಂಟೆಗಟ್ಟಲೆ ಉಳಿಯುತ್ತದೆ. ನಮ್ಮವರಿಗೆ ಕೊನೆ ಬಸ್ಸಿನ ಚಿಂತೆ. ಮಗು ತೂಕಡಿಸುತ್ತಿರುವಾಗಲೇ ಹೆಗಲಿಗೆ ಹಾಕಿಕೊಂಡು ಹೊರಡುತ್ತಾರೆ. ಕತ್ತು ಮುಂದಕ್ಕೆ ಬಾಗಿ ಗದ್ದ ಎದೆಗೆ ತಾಗಿದರೆ ಉಸಿರಿನ ದಾರಿ ಮುಚ್ಚುತ್ತದೆ, ಕ್ಯಾಥ್‌ಲ್ಯಾಬಿನ ಆ ಹುಡುಗನಿಗೆ ಆದ ಹಾಗೆಯೇ. ಬಸ್ಸಿನ ಕತ್ತಲೆಯಲ್ಲಿ ಅಮ್ಮನೂ ನಿದ್ದೆ ಹೋಗಿರುತ್ತಾಳೆ. ಬೇರೆ ದೇಶಗಳಲ್ಲಿ ಕಾರಿನ ಸೀಟಿನಲ್ಲಿ ಹೀಗೆ ಮಕ್ಕಳು ತೀರಿಕೊಂಡದ್ದು ವೈದ್ಯರ ದಾಖಲೆಯಲ್ಲೇ ಇದೆ. ಮಗು ತಾನಾಗಿ ಎದ್ದು, ಕಣ್ಣರಳಿಸಿ, ಗುರುತು ಹಿಡಿದು, ನೀರು ಕುಡಿದು ಅರಗಿಸಿಕೊಳ್ಳುವ ತನಕ ಕಳಿಸಬಾರದು. ಕ್ಯಾಥ್ ಆದ ಮಗು ಸಾಮಾನ್ಯವಾಗಿ ಆ ರಾತ್ರಿ ವಾರ್ಡಿನಲ್ಲಿ ಇರುತ್ತದೆ. ಬರೀ ಎಕೋಗೆ ಬಂದು ಮತ್ತು ಕುಡಿದ ದೂರದೂರಿನ ಮಗುವಿಗೂ, ಅಮ್ಮನಿಗೂ ಒಂದು ರಾತ್ರಿ ತಂಗಲು ಜಾಗ ಮಾಡಿಕೊಡಿ. ಒಂದು ಕೋಣೆ, ಒಂದು ಚಾಪೆ, ಒಬ್ಬ ಸಿಸ್ಟರ್.

ಈಗ ಎರಡು ಮಾತು ನಮ್ಮ ಜಿಲ್ಲೆಯ ಅಪ್ಪ ಅಮ್ಮಂದಿರಿಗೆ. ಸಚಿವರು ಓದಲಿ ಬಿಡಲಿ, ನೀವು ಓದಿ. ಮಗುವಿನ ತೂಕ ನೋಡುವಾಗ ಸ್ವೆಟರು, ಟೋಪಿ, ಶೂ ಬಿಚ್ಚಿ. ಔಷಧಿಯ ಲೆಕ್ಕವೆಲ್ಲ ಕೆಜಿಯ ಮೇಲೆ. ಎಂಟು ಕೆಜಿ ಮಗುವಿಗೆ ಅರ್ಧ ಕೆಜಿ ಉಣ್ಣೆ ಬಟ್ಟೆ ದೊಡ್ಡ ಲೆಕ್ಕ. ಹಿಂದೆ ಯಾವಾಗಲಾದರೂ ಮತ್ತು ಕೊಟ್ಟಾಗ ವಾಂತಿ, ಉಬ್ಬಸ ಏನಾದ್ರೂ ಆಗಿದ್ದರೆ ಹೇಳಿ. ಏನು ತಿಂದಿದೆಯೋ ಅದನ್ನೇ ಹೇಳಿ. ಬೈದರೆ ಬೈಸಿಕೊಳ್ಳಿ. ಆಮೇಲೆ ಡಾಕ್ಟರನ್ನು ನೇರವಾಗಿ ಕೇಳಿ, "ಮಗುವಿನ ಉಸಿರು ನೋಡೋಕೆ ಅಂತಲೇ ಒಬ್ರು ಇರ್ತಾರಾ ಸಾರ್?" ಒಳ್ಳೆಯ ಡಾಕ್ಟರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ನಾನು ಕಂಡ ಒಳ್ಳೆಯ ಅರಿವಳಿಕೆ ಡಾಕ್ಟರುಗಳು ಈ ಪ್ರಶ್ನೆ ಕೇಳಿದರೆ ಕುರ್ಚಿ ಎಳೆದು ಕೂತು ಉತ್ತರ ಹೇಳುವವರು.

ಸಚಿವರೇ, ಪುಟ್ಟಿಯ ಪಿಡಿಎ ನವೆಂಬರಿನಲ್ಲಿ ಮುಚ್ಚಿದರು. ಆವತ್ತು ಅವಳ ತಲೆಯ ಹತ್ತಿರ ಒಬ್ಬ ಡಾಕ್ಟರಮ್ಮ ಶುರುವಿನಿಂದ ಕೊನೆಯ ತನಕ ಸ್ಟೂಲು ಬಿಟ್ಟು ಏಳಲಿಲ್ಲ ಅಂತ ಅಲ್ಲಿದ್ದ ಸಿಸ್ಟರ್ ನನಗೆ ಹೇಳಿದರು. ಈಗ ಅವಳು ಅಂಗನವಾಡಿಗೆ ಓಡಿಕೊಂಡು ಹೋಗುತ್ತಾಳೆ. ತಂಗಿ ನನ್ನ ಹತ್ತಿರ ಮತ್ತೆ ಮಾತಾಡುತ್ತಾಳೆ.

ಮೊನ್ನೆ ಪಕ್ಕದ ಊರಿನಿಂದ ಇನ್ನೊಬ್ಬ ಅಮ್ಮ ಬಂದಿದ್ದಳು. ಮಗುವಿಗೆ ಒಂದು ವರ್ಷ ಎಂಟು ತಿಂಗಳು, ಬಟ್ಟೆ ಬಿಚ್ಚಿ ತೂಗಿದರೆ 8 ಕೆಜಿ 200 ಗ್ರಾಂ. ಮುಂದಿನ ಸೋಮವಾರ ಅಡ್ಮಿಟ್, ಮಂಗಳವಾರ ಕ್ಯಾಥ್. ಆಸ್ಪತ್ರೆ ಕೊಟ್ಟ ಹಾಳೆಯಲ್ಲಿ ಏನಿದೆ ಅಂತ ಅವಳಿಗೆ ಓದಲಾಗಲಿಲ್ಲ, ಅದು ಇಂಗ್ಲಿಷಿನಲ್ಲಿತ್ತು. ಅದರಲ್ಲಿದ್ದ ಫೋನ್ ನಂಬರಿಗೆ ಕರೆ ಮಾಡಿ ಗಂಟೆ ಕೇಳಿಕೊಂಡು, ಹಳೇ ಕ್ಯಾಲೆಂಡರಿನ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ. ಎದೆಹಾಲು ಬೆಳಗಿನ ಜಾವ ನಾಲ್ಕಕ್ಕೆ ಕೊನೆ. ಸಕ್ಕರೆ ನೀರು ಆರಕ್ಕೆ ಕೊನೆ. ಕಷಾಯ ಬೇಡ. ಕೆಮ್ಮು ಬಂದರೆ ಹೊರಡುವ ಮೊದಲು ನನಗೆ ಫೋನ್ ಮಾಡು.

ಅವಳು ಅದನ್ನು ನಾಲ್ಕು ಮಡಿಕೆ ಮಡಚಿ ರವಿಕೆಯೊಳಗೆ ಇಟ್ಟುಕೊಂಡು ಹೋದಳು. ಆ ಹಾಳೆಯನ್ನು ನೀವು ಅಚ್ಚು ಹಾಕಿಸಿ ಕೊಡುವ ದಿನಕ್ಕೆ ಕಾಯುತ್ತಿದ್ದೇನೆ.

ಇಂತಿ,
ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ನರ್ಸ್